ದುಡ್ಡಿನ ಮಾತು ಎತ್ತುವುದು ಹೇಗೆ? ಅಂಕಿ ಹೇಳುವುದರಿಂದ ಶುರು ಮಾಡಿ

ಮೊದಲು ಒಂದು ಸಣ್ಣ ಕೆಲಸ. ಬಾಗಿಲು ಹಾಕಿಕೊಂಡು ಒಬ್ಬರೇ ಕೂತು, ನಿಮ್ಮ ಹತ್ತಿರ ಈಗ ಎಷ್ಟು ದುಡ್ಡಿದೆ, ಎಷ್ಟು ಸಾಲ ಇದೆ ಅಂತ ಬಾಯಿಬಿಟ್ಟು ಹೇಳಿ. ಸುಮಾರು ಇಷ್ಟಿರಬಹುದು ಅನ್ನುವ ಹಾಗಿಲ್ಲ, ಸರಿಯಾದ ಅಂಕಿಯನ್ನೇ ಹೇಳಬೇಕು.

ಹೆಚ್ಚಿನವರಿಗೆ ಇಲ್ಲೇ ಗಂಟಲು ಕಟ್ಟುತ್ತದೆ. ಒಂದೋ ಅಂಕಿ ಗೊತ್ತಿರುವುದಿಲ್ಲ, ಇಲ್ಲಾ ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ. ಹಾಗಂತ ನಾವು ದುಡ್ಡಿನ ಮಾತೇ ಆಡದವರೇನಲ್ಲ, ದಿನಕ್ಕೆ ಹತ್ತು ಸಲ ಆಡುತ್ತೇವೆ. "ಈ ತಿಂಗಳು ಸ್ವಲ್ಪ ಟೈಟು", "ಹೇಗೋ ನಡೀತಿದೆ", "ನೋಡೋಣ, ಅಡ್ಜಸ್ಟ್ ಮಾಡೋಣ". ಈ ಮಾತುಗಳಲ್ಲಿ ಎಲ್ಲಾ ಇದೆ, ಅಂಕಿ ಒಂದು ಇಲ್ಲ. ಅಂಕಿ ಇಲ್ಲದಿದ್ದರೆ ಕೇಳಿದವರು ಏನು ಸಹಾಯ ಮಾಡಬೇಕು ಅಂತಲೇ ಅವರಿಗೆ ತಿಳಿಯುವುದಿಲ್ಲ, ಹೇಳಿದವರ ಎದೆಭಾರವೂ ಇಳಿಯುವುದಿಲ್ಲ.

ನಾನೂ ಸುಮಾರು ಎರಡು ವರ್ಷ ಹಾಗೇ ಇದ್ದೆ. ಕ್ರೆಡಿಟ್ ಕಾರ್ಡ್ ಬಿಲ್ ಬಂದರೆ ಕಟ್ಟಬೇಕಾದ ಕನಿಷ್ಠ ಮೊತ್ತ ಮಾತ್ರ ನೋಡುತ್ತಿದ್ದೆ, ಅದರ ಮೇಲೆ ಬರೆದಿರುವ ಒಟ್ಟು ಮೊತ್ತವನ್ನು ಹೆಬ್ಬೆರಳಿಂದ ಮುಚ್ಚಿಕೊಂಡು. ನಿಜವಾಗಲೂ ಹೆಬ್ಬೆರಳು ಇಟ್ಟು ಮುಚ್ಚುತ್ತಿದ್ದೆ. ಆ ಅಂಕಿಯನ್ನು ಮೊದಲ ಸಲ ಅಕ್ಕನ ಮುಂದೆ ಹೇಳಿದ ದಿನ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಸಾಲ ಒಂದು ಪೈಸೆ ಕಮ್ಮಿ ಆಗಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಾನು ಮಾಡಿ ನೋಡಿದ್ದನ್ನು, ತಪ್ಪಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದನೇ ಹೆಜ್ಜೆ: ಒಂದು ಹಾಳೆ, ನಾಲ್ಕು ಅಂಕಿ

ಇನ್ನೊಬ್ಬರಿಗೆ ಹೇಳುವ ಮೊದಲು ನಿಮಗೆ ನೀವೇ ಹೇಳಿಕೊಳ್ಳಬೇಕು. ಆ್ಯಪ್ ಬೇಡ, ಸದ್ಯಕ್ಕೆ ಒಂದು ಹಾಳೆ, ಒಂದು ಪೆನ್ನು ಸಾಕು. ಹಾಳೆಯನ್ನು ನಾಲ್ಕು ಭಾಗ ಮಾಡಿ: ತಿಂಗಳಿಗೆ ಬರುವುದು, ತಿಂಗಳಿಗೆ ಹೋಗುವುದು, ನನ್ನ ಹತ್ತಿರ ಇರುವುದು, ನಾನು ಕೊಡಬೇಕಾದದ್ದು.

ಬರುವುದನ್ನು ಬರೆಯುವಾಗ ಕೈಗೆ ಸಿಗುವ ಮೊತ್ತವನ್ನೇ ಬರೆಯಿರಿ, ಕಡಿತ ಆಗುವ ಮೊದಲಿನದ್ದನ್ನಲ್ಲ. ತಿಂಗಳಿಂದ ತಿಂಗಳಿಗೆ ಆದಾಯ ಏರಿಳಿಯುವವರು ಕಳೆದ 12 ತಿಂಗಳಲ್ಲಿ ಅತಿ ಕಮ್ಮಿ ಬಂದ ಮೂರು ತಿಂಗಳ ಸರಾಸರಿ ಹಿಡಿಯುವುದು ಒಳ್ಳೆಯದು. ಚೆನ್ನಾಗಿ ಬಂದ ತಿಂಗಳನ್ನು ನಂಬಿಕೊಂಡು ಲೆಕ್ಕ ಹಾಕಿದರೆ ಉಳಿದ ತಿಂಗಳುಗಳೆಲ್ಲ ಸೋತ ಹಾಗೆ ಕಾಣುತ್ತವೆ.

ಹೋಗುವುದಕ್ಕೆ ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದೆ ಇಟ್ಟುಕೊಳ್ಳಿ. ನೆನಪಿನಿಂದ ಬರೆಯಲೇಬೇಡಿ. ನೆನಪಿಗೆ ದೊಡ್ಡ ಖರ್ಚು ಮಾತ್ರ ಉಳಿದಿರುತ್ತದೆ, ಸಣ್ಣದೆಲ್ಲ ಸೋರಿ ಹೋಗಿರುತ್ತದೆ. ನಾನು ಹಾಗೆ ಕೂತು ನೋಡಿದಾಗ ಫೋನಿಂದ ಯಾವತ್ತೋ ತೆಗೆದುಹಾಕಿದ್ದ ಒಂದು ಆ್ಯಪ್‌ಗೆ 14 ತಿಂಗಳಿಂದ ಆಟೋ ಡೆಬಿಟ್ ಆಗುತ್ತಲೇ ಇತ್ತು. ವರ್ಷಕ್ಕೊಮ್ಮೆ ಬರುವ ಖರ್ಚುಗಳೂ ಇರುತ್ತವೆ ಅಲ್ವಾ, ವಿಮೆ, ಶಾಲೆಯ ಫೀಸು, ತೆರಿಗೆ, ಗಾಡಿ ರಿಪೇರಿ. ಅವನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ ತಿಂಗಳ ಖರ್ಚಿಗೇ ಸೇರಿಸಿ. ಪ್ರತಿ ವರ್ಷ ಬರುವ ಖರ್ಚನ್ನು ಪ್ರತಿ ವರ್ಷವೂ "ದಿಢೀರ್ ಬಂತು" ಅನ್ನುತ್ತೇವಲ್ಲ, ಆ ಗಾಬರಿ ಇದರಿಂದಲೇ ಅರ್ಧ ತಪ್ಪುತ್ತದೆ.

ಕೊಡಬೇಕಾದದ್ದನ್ನು ಬರೆಯುವಾಗ ಪ್ರತಿ ಸಾಲದ ಮುಂದೆ ಮೂರು ವಿಷಯ ಇರಲಿ: ಉಳಿದಿರುವ ಅಸಲು, ಬಡ್ಡಿ ದರ, ಕಂತಿನ ತಾರೀಖು. ಸ್ನೇಹಿತರ ಹತ್ತಿರ ತೆಗೆದುಕೊಂಡ ಕೈಸಾಲವನ್ನೂ ಬರೆಯಿರಿ. ಅದಕ್ಕೆ ಬಡ್ಡಿ ಇರಲಿಕ್ಕಿಲ್ಲ, ಆದರೆ ಮುಖ ತಪ್ಪಿಸಿಕೊಂಡು ಓಡಾಡುವುದು ಜಾಸ್ತಿ ಅದರಿಂದಲೇ. ಇಷ್ಟಕ್ಕೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ಬೇಕಾಗುತ್ತದೆ. ಮಧ್ಯದಲ್ಲಿ ಎದ್ದು ಹೋಗಬೇಕು ಅನಿಸಿದರೆ ಎದ್ದು ಹೋಗಿ, ನೀರು ಕುಡಿದು ಬನ್ನಿ. ಬರೆದದ್ದನ್ನು ಮಾತ್ರ ಹರಿಯಬೇಡಿ.

ಎರಡನೇ ಹೆಜ್ಜೆ: ಹೆದರಿಸುವ ನಾಲ್ಕೈದು ಪದ ಕಲಿತುಬಿಡಿ

"ನಂಗೆ ಇದೆಲ್ಲಾ ಅರ್ಥ ಆಗಲ್ಲ" ಅನ್ನುವುದನ್ನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಅರ್ಥ ಆಗದಿರುವುದು ಬೇರೆ, ಅರ್ಥ ಆಗಿದೆ ಅಂತ ಹೇಳೋಕೆ ಹೆದರುವುದು ಬೇರೆ. ಅನಾಮರಿಯಾ ಲುಸಾರ್ಡಿ ಮತ್ತು ಒಲಿವಿಯಾ ಮಿಚೆಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು 2004ರಲ್ಲಿ ಅಮೆರಿಕದಲ್ಲಿ 50 ವರ್ಷ ದಾಟಿದವರ ಒಂದು ಸಮೀಕ್ಷೆಗೆ ಮೂರು ಪ್ರಶ್ನೆ ಸೇರಿಸಿದರು. 100ಕ್ಕೆ ವರ್ಷಕ್ಕೆ ಶೇಕಡಾ 2 ಬಡ್ಡಿ ಬಂದರೆ ಐದು ವರ್ಷಕ್ಕೆ 102ಕ್ಕಿಂತ ಜಾಸ್ತಿ ಆಗುತ್ತದೋ, ಅಷ್ಟೇ ಇರುತ್ತದೋ, ಕಮ್ಮಿಯೋ? ಬಡ್ಡಿ ಶೇಕಡಾ 1, ಬೆಲೆ ಏರಿಕೆ ಶೇಕಡಾ 2 ಇದ್ದರೆ ಒಂದು ವರ್ಷದ ನಂತರ ಆ ದುಡ್ಡಿಗೆ ಬರುವ ಸಾಮಾನು ಜಾಸ್ತಿಯೋ ಕಮ್ಮಿಯೋ? ಒಂದೇ ಕಂಪನಿಯ ಷೇರು ಕೊಳ್ಳುವುದು, ಹಲವು ಕಂಪನಿಗಳ ಷೇರಿನಲ್ಲಿ ಹಂಚಿ ಹೂಡುವ ಮ್ಯೂಚುವಲ್ ಫಂಡ್‌ಗಿಂತ ಸುರಕ್ಷಿತ ಅನ್ನುವುದು ಸರಿಯೋ ತಪ್ಪೋ? ಉತ್ತರ ಕ್ರಮವಾಗಿ ಜಾಸ್ತಿ, ಕಮ್ಮಿ, ತಪ್ಪು. ಮೂರಕ್ಕೆ ಮೂರೂ ಸರಿ ಹೇಳಿದವರು ಸುಮಾರು ಮೂರನೇ ಒಂದು ಭಾಗ ಜನ ಮಾತ್ರ.

ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಇದರ ಮುಂದಿನ ಕಥೆ. ಇಂಥ ಪ್ರಶ್ನೆಗಳಿಗೆ ಹೆಂಗಸರು "ಗೊತ್ತಿಲ್ಲ" ಅನ್ನುವುದು ಗಂಡಸರಿಗಿಂತ ಜಾಸ್ತಿ. ಲುಸಾರ್ಡಿ ಮತ್ತು ಜೊತೆಗಾರರು ನೆದರ್ಲೆಂಡ್ಸ್‌ನಲ್ಲಿ "ಗೊತ್ತಿಲ್ಲ" ಅನ್ನುವ ಆಯ್ಕೆಯನ್ನೇ ತೆಗೆದು ಮತ್ತೆ ಕೇಳಿದಾಗ ಅವರಲ್ಲಿ ಎಷ್ಟೋ ಜನ ಸರಿ ಉತ್ತರವನ್ನೇ ಆರಿಸಿದರು. ಗಂಡಸರಿಗೂ ಹೆಂಗಸರಿಗೂ ಕಂಡ ಅಂತರದಲ್ಲಿ ಸುಮಾರು ಮೂರನೇ ಒಂದು ಭಾಗ ತಿಳಿವಳಿಕೆಯದ್ದಲ್ಲ, ಧೈರ್ಯದ್ದು ಅಂತ ಅವರು ಲೆಕ್ಕ ಹಾಕಿದರು. ಗೊತ್ತಿತ್ತು, ಆದರೆ ಗೊತ್ತು ಅನ್ನುವ ಧೈರ್ಯ ಇರಲಿಲ್ಲ. ಇದನ್ನು ಓದಿದ ಮೇಲೆ ನಾನು "ನಂಗೆ ಗೊತ್ತಿಲ್ಲ" ಅನ್ನುವ ಮೊದಲು ಒಂದು ಸಲ ಊಹೆ ಮಾಡಿ ಹೇಳುವುದನ್ನು ರೂಢಿ ಮಾಡಿಕೊಂಡೆ.

ಇನ್ನು ಕಲಿಯಬೇಕಾದ ಪದಗಳು. ಚಕ್ರಬಡ್ಡಿ ಅಂದರೆ ಬಡ್ಡಿಯ ಮೇಲೆ ಬಡ್ಡಿ. ತಿಂಗಳಿಗೆ ಶೇಕಡಾ 3 ಬಡ್ಡಿ ಅಂದಾಗ ಕಿವಿಗೆ ಸಣ್ಣದಾಗಿ ಕೇಳುತ್ತದೆ, ಆದರೆ ಏನೂ ಕಟ್ಟದೆ ಬಿಟ್ಟರೆ 100 ಇದ್ದದ್ದು ಒಂದು ವರ್ಷಕ್ಕೆ ಹತ್ತಿರ ಹತ್ತಿರ 143 ಆಗುತ್ತದೆ. ಎಷ್ಟು ಕಾಲಕ್ಕೆ ದುಪ್ಪಟ್ಟು ಆಗುತ್ತದೆ ಅಂತ ನೋಡೋಕೆ 72ನ್ನು ಬಡ್ಡಿ ದರದಿಂದ ಭಾಗಿಸಿ. 72 ಭಾಗಿಸು 3, ಅಂದರೆ ಸುಮಾರು 24 ತಿಂಗಳು. ಇದು ಹಳೆಯ ಲೆಕ್ಕ, 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಚೋಲಿಯ ಗಣಿತ ಗ್ರಂಥದಲ್ಲೇ ಇದೆ. ಬೆಲೆ ಏರಿಕೆಗೂ ಇದೇ ಲೆಕ್ಕ ನಡೆಯುತ್ತದೆ. ವರ್ಷಕ್ಕೆ ಶೇಕಡಾ 6ರ ಹಾಗೆ ಬೆಲೆ ಏರಿದರೆ 12 ವರ್ಷಕ್ಕೆ ಪೆಟ್ಟಿಗೆಯಲ್ಲಿ ಸುಮ್ನೆ ಇಟ್ಟ ದುಡ್ಡಿನ ಬೆಲೆ ಅರ್ಧ.

ಇನ್ನೊಂದು ಪದ ಫ್ಲಾಟ್ ರೇಟ್. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1,200 ಸಾಲ, ಫ್ಲಾಟ್ ಶೇಕಡಾ 10, 12 ಕಂತು ಅಂತ ಇಟ್ಟುಕೊಳ್ಳಿ. ಬಡ್ಡಿ 120, ತಿಂಗಳ ಕಂತು 110. ಕೇಳೋಕೆ ಸರಿಯಾಗೇ ಇದೆ. ಆದರೆ ಪ್ರತಿ ಕಂತಿನಲ್ಲೂ ಅಸಲು ಇಳಿಯುತ್ತಾ ಹೋಗುತ್ತದೆ, ಕೊನೆಯ ತಿಂಗಳು ನಿಮ್ಮ ಹತ್ತಿರ ಉಳಿದಿರುವ ಸಾಲ ಸುಮಾರು 100 ಮಾತ್ರ, ಬಡ್ಡಿಯನ್ನು ಮಾತ್ರ ಪೂರ್ತಿ 1,200ರ ಮೇಲೆ ಹಾಕಿರುತ್ತಾರೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದೇ ಸಾಲದ ದರ ವರ್ಷಕ್ಕೆ ಸುಮಾರು ಶೇಕಡಾ 18. ಯಾರೇ ಸಾಲ ಕೊಡೋಕೆ ಬಂದರೂ "ಇದು ಫ್ಲಾಟಾ, ಇಳಿಯುವ ಅಸಲಿನ ಮೇಲಾ?" ಅಂತ ಕೇಳಿ.

ಮೂರನೇ ಹೆಜ್ಜೆ: ಒಬ್ಬರಿಗೆ ಹೇಳಿ

ಒಬ್ಬರಿಗೆ ಮಾತ್ರ, ಸದ್ಯಕ್ಕೆ. ನಿಮಗೆ ಸಾಲ ಕೊಟ್ಟವರು ಬೇಡ, ನಿಮಗೆ ಏನಾದರೂ ಮಾರುವವರು ಬೇಡ, ಕೇಳಿದ ಕೂಡಲೇ ಬುದ್ಧಿ ಹೇಳೋಕೆ ಶುರು ಮಾಡುವವರೂ ಬೇಡ. ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರು ಬೇಕು. ಅಂಥವರು ಮನೆಯಲ್ಲೇ ಇರಬೇಕು ಅಂತೇನಿಲ್ಲ, ಹಳೇ ಸಹೋದ್ಯೋಗಿಯೋ ದೂರದ ಸಂಬಂಧಿಯೋ ಆಗಬಹುದು.

ಕಷ್ಟ ಇರುವುದು ಮೊದಲನೇ ವಾಕ್ಯದಲ್ಲಿ. ನಾನು ಅಕ್ಕನಿಗೆ ಹೇಳಿದ್ದು ಹೀಗೆ: "ಅಕ್ಕಾ, ಒಂದು ವಿಷಯ ಹೇಳ್ಬೇಕು. ನಂಗೆ ದುಡ್ಡು ಬೇಡ, ಸಲಹೆನೂ ಈಗ ಬೇಡ. ಸುಮ್ನೆ ಕೇಳಿಸ್ಕೋ ಸಾಕು." ಆಮೇಲೆ ಅಂಕಿ ಹೇಳಿದೆ. ಅವಳು ಒಂದು ನಿಮಿಷ ಏನೂ ಅನ್ನಲಿಲ್ಲ. ಆಮೇಲೆ "ಎಷ್ಟು ದಿನದಿಂದ ಒಬ್ಬನೇ ಇಟ್ಕೊಂಡಿದ್ದೆ ಇದನ್ನ?" ಅಂತ ಕೇಳಿದಳು, ಅಷ್ಟೇ. ದುಡ್ಡು ಬೇಡ ಅಂತ ಮೊದಲೇ ಹೇಳಿದ್ದು ತುಂಬಾ ಕೆಲಸಕ್ಕೆ ಬಂತು ಅಂತ ನನ್ನ ಲೆಕ್ಕ. ದುಡ್ಡಿನ ಮಾತು ಶುರುವಾದ ಕೂಡಲೇ ಕೇಳುವವರ ಮನಸ್ಸು "ಈಗ ನನ್ನನ್ನ ಕೇಳ್ತಾರೆ" ಅನ್ನುವ ಕಡೆ ಓಡುತ್ತದೆ, ಆ ಆತಂಕ ಇಲ್ಲದಿದ್ದರೆ ಮಾತ್ರ ಅವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ.

ನಾಲ್ಕನೇ ಹೆಜ್ಜೆ: ಗಂಡ-ಹೆಂಡತಿ, ಜೊತೆಗೆ ಬಾಳುವವರು

ಇಲ್ಲಿ ಆತುರ ಬೇಡ. ಮಲಗುವ ಹೊತ್ತು, ಜಗಳ ಆದ ಮೇಲೆ, ಬಿಲ್ ಕೈಗೆ ಬಂದ ಆ ಕ್ಷಣ, ಈ ಮೂರೂ ಕೆಟ್ಟ ಸಮಯ. "ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕೂತ್ಕೊಳ್ಳೋಣ್ವಾ, ನಂದು ನಿಂದು ಲೆಕ್ಕ ಒಂದು ಸಲ ನೋಡೋಣ" ಅಂತ ಎರಡು ದಿನ ಮೊದಲೇ ಹೇಳಿಡಿ.

ಇಬ್ಬರೂ ಬೇರೆ ಬೇರೆ ಕೂತು ಆ ನಾಲ್ಕು ಅಂಕಿಯ ಹಾಳೆ ಬರೆದುಕೊಂಡು ಬನ್ನಿ, ಆಮೇಲೆ ಹಾಳೆ ಬದಲಾಯಿಸಿಕೊಂಡು ಓದಿ. ಎದುರಾಎದುರು ಕೂತು ಪ್ರಶ್ನೆ ಕೇಳುತ್ತಾ ಹೋದರೆ ಅದು ವಿಚಾರಣೆ ಆಗಿಬಿಡುತ್ತದೆ. ಮೊದಲನೇ ಸಲ ಯಾವ ತೀರ್ಮಾನವನ್ನೂ ಮಾಡಬೇಡಿ. "ಯಾಕೆ ಖರ್ಚು ಮಾಡಿದೆ" ಅಂತ ಕೇಳಬೇಡಿ, "ಇದು ಏನಕ್ಕೆ" ಅಂತ ಕೇಳಿ. ಕೇಳುವ ರೀತಿ ಸ್ವಲ್ಪವೇ ಬದಲಾದರೂ ಕೇಳಿಸಿಕೊಳ್ಳುವವರ ಕಿವಿಗೆ ಒಂದು ಆರೋಪ, ಇನ್ನೊಂದು ಬರೀ ಪ್ರಶ್ನೆ.

ಅಂಕಿಗಳ ಜೊತೆಗೆ ಇನ್ನೊಂದು ಕೇಳಿಕೊಳ್ಳಿ: ನೀನು ಚಿಕ್ಕವನಿದ್ದಾಗ, ಚಿಕ್ಕವಳಿದ್ದಾಗ ಮನೆಯಲ್ಲಿ ದುಡ್ಡಿನ ಬಗ್ಗೆ ಹೇಗೆ ಮಾತಾಡುತ್ತಿದ್ದರು? ನನ್ನ ಹೆಂಡತಿ ಒಂದು ಪೆನ್ನು ಕೊಳ್ಳೋಕೂ ಮೂರು ಅಂಗಡಿ ನೋಡುವುದು ನನಗೆ ಜಿಪುಣತನ ಅನಿಸುತ್ತಿತ್ತು. ಅವಳು ಹತ್ತು ವರ್ಷದವಳಿದ್ದಾಗ ಅವಳ ಅಪ್ಪನ ಕೆಲಸ ಹೋಗಿ ಏಳು ತಿಂಗಳು ಮನೆ ಹೇಗೆ ನಡೆಯಿತು ಅಂತ ಅವತ್ತು ಹೇಳಿದಳು. ಮದುವೆಯಾಗಿ ಆರು ವರ್ಷ ಆಗಿತ್ತು, ನಾನು ಕೇಳಿರಲೇ ಇಲ್ಲ.

ಎರಡನೇ ಸಲ ಕೂತಾಗ ಮೂರು ವಿಷಯ ತೀರ್ಮಾನ ಮಾಡಬಹುದು. ಎಷ್ಟಕ್ಕಿಂತ ದೊಡ್ಡ ಖರ್ಚಾದರೆ ಇನ್ನೊಬ್ಬರನ್ನು ಕೇಳಿಯೇ ಮಾಡಬೇಕು ಅನ್ನುವ ಒಂದು ಮಿತಿ. ಇಬ್ಬರಿಗೂ ತಲಾ ಒಂದಷ್ಟು ಸ್ವಂತ ದುಡ್ಡು, ಅದಕ್ಕೆ ಯಾರೂ ಲೆಕ್ಕ ಕೇಳುವ ಹಾಗಿಲ್ಲ, ಮನೆಯಲ್ಲೇ ದುಡಿಯುವವರಿಗೂ ಇದು ಇರಲೇಬೇಕು. ಖಾತೆ, ವಿಮೆ, ಸಾಲದ ಕಾಗದ ಎಲ್ಲಿವೆ ಅನ್ನುವುದು ಇಬ್ಬರಿಗೂ ಗೊತ್ತಿರುವುದು. ಮೂರನೆಯದನ್ನು ಎಲ್ಲರೂ ಮುಂದೂಡುತ್ತಾರೆ. ಒಬ್ಬರು ಆಸ್ಪತ್ರೆಯಲ್ಲಿ ಮಲಗಿದಾಗ ಇನ್ನೊಬ್ಬರು ಬೀರು ಹುಡುಕುತ್ತಾ ಕೂರುವ ಪರಿಸ್ಥಿತಿ ಯಾರಿಗೂ ಬೇಡ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ನಿಮ್ಮ ಸಂಗಾತಿ ನಿಮ್ಮ ಕಾರ್ಡ್ ಕಿತ್ತಿಟ್ಟುಕೊಳ್ಳುತ್ತಿದ್ದರೆ, ಪ್ರತಿ ಪೈಸೆಗೂ ಲೆಕ್ಕ ಕೇಳಿ ಹೆದರಿಸುತ್ತಿದ್ದರೆ, ನಿಮ್ಮ ಹೆಸರಲ್ಲಿ ನಿಮಗೆ ಹೇಳದೆ ಸಾಲ ಮಾಡುತ್ತಿದ್ದರೆ, ಕೆಲಸಕ್ಕೆ ಹೋಗೋಕೆ ಬಿಡದಿದ್ದರೆ, ಅದು ಮಾತಾಡಿ ಸರಿಮಾಡುವ ಸಣ್ಣ ಮನಸ್ತಾಪ ಅಲ್ಲ. ಅದು ಹಿಂಸೆಯೇ. ಅಲ್ಲಿ ಹಾಳೆ ಬಿಚ್ಚಿಟ್ಟು ಎಲ್ಲಾ ತೋರಿಸಬೇಡಿ. ಮೊದಲು ಹೊರಗಿನ ಒಬ್ಬರಿಗೆ ವಿಷಯ ತಿಳಿಸಿ, ಗುರುತಿನ ಕಾಗದಗಳ ಪ್ರತಿ ಬೇರೆ ಕಡೆ ಇಡಿ, ಸಾಧ್ಯವಾದರೆ ನಿಮ್ಮದೇ ಒಂದು ಖಾತೆ ಇಟ್ಟುಕೊಳ್ಳಿ.

ಐದನೇ ಹೆಜ್ಜೆ: ಅಪ್ಪ-ಅಮ್ಮ, ಮಕ್ಕಳು, ಸ್ನೇಹಿತರು

ವಯಸ್ಸಾದ ಅಪ್ಪ-ಅಮ್ಮನ ಹತ್ತಿರ "ಎಷ್ಟಿದೆ" ಅಂತ ಶುರು ಮಾಡಬೇಡಿ, ಆಸ್ತಿಯ ಮೇಲೆ ಕಣ್ಣು ಅಂದುಕೊಳ್ಳುತ್ತಾರೆ. "ಅಪ್ಪಾ, ನಂದು ವಿಮೆ, ಖಾತೆ ಎಲ್ಲಾ ಈ ಫೈಲಲ್ಲಿ ಇಟ್ಟಿದೀನಿ, ನಿಮಗೂ ಗೊತ್ತಿರ್ಲಿ" ಅಂತ ನಿಮ್ಮದನ್ನು ಮೊದಲು ತೋರಿಸಿ. ಆಮೇಲೆ ಸ್ವಲ್ಪ ದಿನ ಬಿಟ್ಟು "ನಿಮ್ಮದು ಎಲ್ಲಿರುತ್ತೆ?" ಅಂತ ಕೇಳಿ. ಎಲ್ಲಿದೆ ಅಂತ ಗೊತ್ತಾದರೆ ಸಾಕು, ಎಷ್ಟಿದೆ ಅಂತ ಅವರಿಗೆ ಹೇಳಬೇಕು ಅನಿಸಿದಾಗ ಹೇಳುತ್ತಾರೆ.

ಮಕ್ಕಳಿಗೆ ಪೂರ್ತಿ ಲೆಕ್ಕ ಬೇಕಾಗಿಲ್ಲ. ಆದರೆ "ದುಡ್ಡಿಲ್ಲ" ಅಂತ ಸುಳ್ಳು ಹೇಳಬೇಡಿ. ಇದೆ, ಬೇರೆ ಕೆಲಸಕ್ಕೆ ಇಟ್ಟಿದ್ದೇವೆ ಅಂತ ಹೇಳಿ. ದುಡ್ಡಿಲ್ಲ ಅಂದು ಸಂಜೆ ನೀವೇ ಏನೋ ಕೊಂಡು ತಂದರೆ ಮಗು ಅದನ್ನು ಗಮನಿಸಿಯೇ ಗಮನಿಸುತ್ತದೆ.

ಸ್ನೇಹಿತರು, ನೆಂಟರು ಸಾಲ ಕೇಳಿದಾಗ ಹೌದು-ಇಲ್ಲ ಆ ಕ್ಷಣಕ್ಕೆ ಹೇಳಬೇಡಿ, "ನಾಳೆ ಹೇಳ್ತೀನಿ" ಅನ್ನಿ. ವಾಪಸ್ ಬರದಿದ್ದರೂ ಸಂಬಂಧ ಉಳಿಯುವಷ್ಟು ಎಷ್ಟು ಕೊಡಬಹುದು ಅಂತ ಯೋಚನೆ ಮಾಡಿ, ಅಷ್ಟನ್ನೇ ಹೇಳಿ. ಕೊಡೋಕೆ ಆಗದಿದ್ದರೆ "ಈಗ ನನ್ನ ಹತ್ತಿರ ಕೊಡೋಕೆ ಆಗಲ್ಲ, ಬೇಜಾರು ಮಾಡ್ಕೋಬೇಡ" ಅಂದರೆ ಸಾಕು, ಹತ್ತು ಕಾರಣ ಕೊಡಬೇಡಿ. ಕಾರಣ ಜಾಸ್ತಿ ಆದಷ್ಟೂ ಅವರು ಒಂದೊಂದಕ್ಕೂ ಪರಿಹಾರ ಹುಡುಕಿಕೊಡುತ್ತಾರೆ. ಜಾಮೀನು ಸಹಿ ವಿಷಯದಲ್ಲಿ ನಾನು ಕಟ್ಟುನಿಟ್ಟು: ಅವರು ಕಟ್ಟದಿದ್ದರೆ ಆ ಸಾಲ ನಿಮ್ಮದು. ಪೂರ್ತಿ ಮೊತ್ತ ನೀವೇ ಕಟ್ಟೋಕೆ ಸಿದ್ಧ ಇದ್ದರೆ ಮಾತ್ರ ಸಹಿ ಹಾಕಿ.

ಆರನೇ ಹೆಜ್ಜೆ: ಸಾಲ ಕೊಟ್ಟವರ ಹತ್ತಿರ, ಸಂಬಳ ಕೊಡುವವರ ಹತ್ತಿರ

ಕಂತು ತಪ್ಪುತ್ತದೆ ಅಂತ ಅನುಮಾನ ಬಂದರೆ ತಪ್ಪುವ ಮೊದಲೇ ಫೋನ್ ಮಾಡಿ. ತಪ್ಪಿದ ಮೇಲೆ ಅವರು ನಿಮಗೆ ಮಾಡುತ್ತಾರೆ, ಆಗ ಮಾತಿನ ಧಾಟಿಯೇ ಬೇರೆ. "ಕಷ್ಟ ಇದೆ, ಸ್ವಲ್ಪ ಟೈಮ್ ಕೊಡಿ" ಅಂದರೆ ಎದುರಿಗಿರುವವರಿಗೆ ಹಿಡಿಯೋಕೆ ಏನೂ ಸಿಗುವುದಿಲ್ಲ. "ಕಂತು 110 ಇದೆ, ಮುಂದಿನ ಮೂರು ತಿಂಗಳು 60 ಕಟ್ಟಬಲ್ಲೆ, ನಾಲ್ಕನೇ ತಿಂಗಳಿಂದ ಪೂರ್ತಿ ಕಟ್ಟುತ್ತೇನೆ" ಅಂದರೆ ಅದು ಮಾತುಕತೆ. ಅವರು ಒಪ್ಪಿದರೆ ಬಡ್ಡಿ, ದಂಡ ಎಷ್ಟು ಜಾಸ್ತಿ ಆಗುತ್ತದೆ ಅಂತ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮಾತಾಡಿದವರ ಹೆಸರು, ತಾರೀಖು ಬರೆದಿಡಿ. ನಾನು ಒಂದು ಸಲ ಬಾಯಿಮಾತು ನಂಬಿ ಕೂತೆ, ಮುಂದಿನ ತಿಂಗಳು ಅಂಥ ಮಾತೇ ಆಗಿಲ್ಲ ಅಂದರು.

ಹಲವು ಸಾಲ ಇದ್ದಾಗ ಯಾವುದನ್ನು ಮೊದಲು ತೀರಿಸುವುದು? ಎಲ್ಲದಕ್ಕೂ ಕನಿಷ್ಠ ಮೊತ್ತ ಕಟ್ಟುತ್ತಾ, ಉಳಿದ ದುಡ್ಡನ್ನು ಬಡ್ಡಿ ಜಾಸ್ತಿ ಇರುವುದಕ್ಕೆ ಹಾಕಿದರೆ ಒಟ್ಟು ಖರ್ಚು ಕಮ್ಮಿ. ಚಿಕ್ಕ ಸಾಲ ಮೊದಲು ಮುಗಿಸಿದರೆ ಹುರುಪು ಬರುತ್ತದೆ. ನಾನು ಒಂದು ಚಿಕ್ಕದನ್ನು ಮೊದಲು ಮುಗಿಸಿ, ಆಮೇಲೆ ದುಬಾರಿ ಬಡ್ಡಿಯ ಕಡೆ ಹೋದೆ. ಸಾಲದ ಯೋಚನೆಯಲ್ಲಿ ಬದುಕೇ ಬೇಡ ಅನ್ನುವಷ್ಟು ದೂರ ಮನಸ್ಸು ಹೋಗುತ್ತಿದ್ದರೆ ಈ ಲೆಕ್ಕಗಳನ್ನೆಲ್ಲ ಪಕ್ಕಕ್ಕಿಡಿ, ಇವತ್ತೇ ಹತ್ತಿರದವರೊಬ್ಬರಿಗೆ ಅಥವಾ ವೈದ್ಯರಿಗೆ ಆ ಮಾತನ್ನೇ ಹೇಳಿ. ಸಾಲಕ್ಕೆ ದಾರಿ ಆಮೇಲೆ ಹುಡುಕಬಹುದು.

ಸಂಬಳ ಜಾಸ್ತಿ ಕೇಳುವಾಗಲೂ ಅಂಕಿಯೇ. "ಸ್ವಲ್ಪ ಜಾಸ್ತಿ ಮಾಡಿ" ಅಂದರೆ ಸ್ವಲ್ಪವೇ ಆಗುತ್ತದೆ. ಅದೇ ಕೆಲಸಕ್ಕೆ ಬೇರೆ ಕಡೆ ಎಷ್ಟು ಕೊಡುತ್ತಾರೆ ಅಂತ ತಿಳಿದುಕೊಳ್ಳಿ, ವರ್ಷದಲ್ಲಿ ನೀವು ಮಾಡಿದ ಮೂರು ಕೆಲಸ ಬರೆದುಕೊಂಡು ಹೋಗಿ, ಅಂಕಿ ಹೇಳಿ, ಹೇಳಿದ ಮೇಲೆ ಸುಮ್ಮನಿರಿ. ಆ ಮೌನ ಸಹಿಸಲಾಗದೆ ನಾವೇ ಅಂಕಿ ಇಳಿಸಿಬಿಡುತ್ತೇವೆ. ಕನ್ನಡಿ ಮುಂದೆ ನಿಂತು ಆ ಒಂದು ವಾಕ್ಯವನ್ನು ಹತ್ತು ಸಲ ಹೇಳಿ ಅಭ್ಯಾಸ ಮಾಡಿ, ಖಂಡಿತ ಪ್ರಯೋಜನ ಆಗುತ್ತದೆ.

ಧೈರ್ಯ ಬೆಳೆಯುವುದು ಸಣ್ಣ ಕೆಲಸಗಳಿಂದ

ಸಂಬಳ ಬಂದ ದಿನವೇ ಒಂದಷ್ಟು ದುಡ್ಡು ತಾನಾಗೇ ಬೇರೆ ಖಾತೆಗೆ ಹೋಗುವ ಹಾಗೆ ಮಾಡಿ. ಎಷ್ಟು ಚಿಕ್ಕದಾದರೂ ಪರವಾಗಿಲ್ಲ, ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಸುಮ್ನೆ ಬಂದ ಮಾತಲ್ಲ. ಮೊದಲ ಗುರಿ ಒಂದು ತಿಂಗಳ ಖರ್ಚು, ಆಮೇಲೆ ಮೂರು, ಆಗುವುದಾದರೆ ಆರು. ಆ ಒಂದು ತಿಂಗಳ ದುಡ್ಡು ಪಕ್ಕಕ್ಕಿದ್ದರೆ ಮಾತಾಡುವ ದನಿಯೇ ಬದಲಾಗುತ್ತದೆ, ಇದನ್ನು ನಾನು ನನ್ನಲ್ಲೇ ಕಂಡಿದ್ದೇನೆ.

ಏನನ್ನಾದರೂ ಕೊಳ್ಳುವಾಗ, ಹೂಡಿಕೆ ಮಾಡುವಾಗ, ಸಾಲ ತೆಗೆದುಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಎಲ್ಲಾ ಸೇರಿ ಒಟ್ಟು ಎಷ್ಟು ಕಟ್ಟಬೇಕು? ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಳೆದುಕೊಳ್ಳುತ್ತೇನೆ? ಇದನ್ನು ನಾನು ತೆಗೆದುಕೊಂಡರೆ ನಿಮಗೆ ಏನು ಸಿಗುತ್ತದೆ? ಮೂರನೆಯದಕ್ಕೆ ಮುಖ ಬಿಗಿದುಕೊಳ್ಳುವವರ ಹತ್ತಿರ ಅವತ್ತೇ ಸಹಿ ಹಾಕಬೇಡಿ. ಉತ್ತರ ಅರ್ಥ ಆಗದಿದ್ದರೆ "ಇನ್ನೊಂದ್ಸಲ ಹೇಳಿ" ಅನ್ನಿ, ಮೂರು ಸಲ ಕೇಳಬೇಕಾದರೂ ಕೇಳಿ, ದುಡ್ಡು ನಿಮ್ಮದು. ಇವತ್ತೇ ಕೊನೇ ದಿನ ಅಂತ ಅವಸರ ಮಾಡಿದರೆ ಎದ್ದು ಬನ್ನಿ.

ಮುಕ್ತವಾಗಿ ಮಾತಾಡಿ ಅಂದೆ, ಆದರೆ ಪಿನ್, ಪಾಸ್‌ವರ್ಡ್, ಒಟಿಪಿ ಯಾರಿಗೂ ಹೇಳುವುದಲ್ಲ. ಬ್ಯಾಂಕಿನವರು ಅಂತ ಹೇಳಿಕೊಂಡು ಫೋನ್ ಮಾಡಿದವರಿಗಂತೂ ಹೇಳಲೇಬೇಡಿ.

ಮೊದಲನೇ ಮಾತುಕತೆ ಕೆಟ್ಟುಹೋಗಬಹುದು. ಒಬ್ಬರು ಅಳಬಹುದು, ಒಬ್ಬರು ಎದ್ದು ಹೋಗಬಹುದು. ಹಾಗಾದರೆ ಅವತ್ತಿಗೆ ಬಿಟ್ಟುಬಿಡಿ, ಒಂದು ವಾರ ಕಳೆಯಲಿ. ಮತ್ತೆ ಕೂತಾಗ ಹೊಸ ಹಾಳೆ ತೆಗೆಯಬೇಡಿ, ಹಳೆಯದನ್ನೇ ತನ್ನಿ. ಬದಲಾದ ಅಂಕಿಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲೇ ಹೊಸದನ್ನು ತಾರೀಖಿನ ಜೊತೆ ಬರೆಯಿರಿ. ನಮ್ಮ ಹಾಳೆಯಲ್ಲಿ ಕಾರ್ಡಿನ ಸಾಲದ ಮುಂದೆ ಹಾಗೆ 19 ಗೆರೆ ಇವೆ. ಕೊನೆಯದರ ಪಕ್ಕದಲ್ಲಿ ಸೊನ್ನೆ ಬರೆದದ್ದು ನನ್ನ ಹೆಂಡತಿ, ಪೆನ್ನು ನನ್ನ ಕೈಯಿಂದ ಕಿತ್ತುಕೊಂಡು.